ಹಾಡುಹಾಳೆಯ ಹೆಣ್ಣುದನಿ

ಜನವರಿ ೧೨, ರವಿವಾರ. ಗೋಕಾಕ

ಇವತ್ತು ಮುಂಜಾನೆ ಅದು ಮೊದಲ ಸಲ ಹಾಡಿತು. ನಾನು ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ.

ಹೆದರುವಂಥದ್ದು ಏನೂ ಇರಲಿಲ್ಲ. ಆಗಬೇಕಾದದ್ದೇ ಆಗಿತ್ತು. ಹಾಡುಹಾಳೆ ಅನ್ನುವ ಸಾಫ್ಟ್‌ವೇರಿನಲ್ಲಿ ಇಷ್ಟು ವರ್ಷ ಸ್ವರ ಬರೆಯಬಹುದಿತ್ತು, ಸ್ವರದ ಕೆಳಗೆ ಹಾಡಿನ ಮಾತು ಬರೆಯಬಹುದಿತ್ತು. ಬಟನ್ ಒತ್ತಿದರೆ ಬರೀ ಹಾರ್ಮೋನಿಯಂ ಸಪ್ಪಳ ಬರುತ್ತಿತ್ತು. ಈಗ ಕೆಳಗೆ ಬರೆದ ಮಾತನ್ನೂ ಮನುಷ್ಯರ ಹಾಗೆ ಹಾಡುತ್ತದೆ. ಆ ಕೋಡ್ ಬರೆದುಕೊಟ್ಟವರು ಹುಕ್ಕೇರಿಯ ಓಂಕಾರ. ಹಿಡಕಲ್ ಡ್ಯಾಮಿನಲ್ಲಿ ಇಂಜಿನಿಯರ್. ಹಾಡುಹಾಳೆ ಒಬ್ಬರ ಸ್ವತ್ತಲ್ಲ, ಪುಕ್ಕಟೆ. ಯಾರು ಬೇಕಾದರೂ ಒಳಗಿನ ಕೋಡ್ ನೋಡಬಹುದು, ತಿದ್ದಬಹುದು, ಹಂಚಬಹುದು. ಆದರೆ ಯಾರಾದರೂ ಕಳಿಸಿದ್ದನ್ನು ಪರೀಕ್ಷೆ ಮಾಡಿ ಒಳಗೆ ಸೇರಿಸುವ ಕೆಲಸ ನಮ್ಮ ಕೆಲವರದು. ಕನ್ನಡಕ್ಕೆ ಸಂಬಂಧಿಸಿದ್ದೆಲ್ಲ ನನ್ನ ಪಾಲು. ಕಾಲೇಜಿನ ಪಾಠ ಬಿಟ್ಟರೆ ನಾನು ಮನಸ್ಸಿಟ್ಟು ಮಾಡುವುದು ಇದೊಂದೇ.

ಹಾಡಬೇಕಾದರೆ ಅದಕ್ಕೆ ಯಾರದಾದರೂ ದನಿ ಬೇಕಿತ್ತು. ಓಂಕಾರ ಅವರ ಹತ್ತಿರ ಕನ್ನಡದ ದನಿ ಇರಲಿಲ್ಲ. ಹೋದ ವಾರ ರಜೆ ಹಾಕಿ, ಕಿಟಕಿ ಮುಚ್ಚಿ, ಕಪಾಟಿನೊಳಗೆ ಬಟ್ಟೆಗಳ ನಡುವೆ ಮುಖ ಇಟ್ಟು, ಕಾ ಕೀ ಕೂ ಅಂತ ಒಂದೊಂದೇ ಅಕ್ಷರ ಮೇಲಿನ ಸ್ವರಕ್ಕೆ, ಕೆಳಗಿನ ಸ್ವರಕ್ಕೆ ಹಾಡಿ ತುಂಬಿಸಿದೆ. ಬಾಜೂ ಮನೆಯವರಿಗೆ ಕೇಳಿಸೀತು ಅನ್ನುವ ಚಿಂತೆಯೇ ದೊಡ್ಡದಾಗಿತ್ತು.

ಇವತ್ತು ಪರೀಕ್ಷೆಗೆಂದು ಮನಸ್ಸಿಗೆ ಬಂದ ಎರಡು ಮಾತು ಬರೆದು ಒತ್ತಿದೆ. "ಹೊಳಿ ತುಂಬಿ ಬಂದೈತಿ, ದಂಡಿಗೆ ಯಾರು ಇಲ್ಲ." ಹಾಡಿತು. ನಾನು ಎಂದೂ ಹಾಡದ ಹಾಡು. ಆದರೆ ದನಿ...

ಊಟಕ್ಕೆ ಮನೆಗೆ ಬಂದ ನನ್ನ ಗಂಡ ಆಸೀಫರಿಗೆ ಕೇಳಿಸಿದೆ. ಕೈ ತೊಳೆಯುತ್ತಿದ್ದವರು ಹಾಗೇ ನಿಂತರು.

"ನಿನ್ನ ದನಿ ಅಲ್ಲೇನು ಇದು?"

"ಪರೀಕ್ಷಾಕ ಅಷ್ಟರೀ. ಬ್ಯಾರೆ ದನಿ ಸಿಕ್ಕ ಮ್ಯಾಲೆ ತೆಗೀತೀನಿ."

"ಹೆಸರ ಹಾಕಬ್ಯಾಡ ಮತ್ತ."

ಹಾಕಿಲ್ಲ. ಪಟ್ಟಿಯಲ್ಲಿ "ಕನ್ನಡ, ಹೆಣ್ಣುದನಿ" ಅಂತ ಇದೆ, ಅಷ್ಟೇ.

ಜನವರಿ ೨೭

ಒತ್ತಕ್ಷರಕ್ಕೆ ಅದು ಎಡವುತ್ತದೆ. "ಹಳ್ಳ" ಅಂದರೆ "ಹಳ... ಳ" ಅನ್ನುತ್ತದೆ, ನಡುವೆ ಬಿಕ್ಕಳಿಕೆ ಬಂದ ಹಾಗೆ. ಓಂಕಾರ ಅವರಿಗೆ ಹೇಳಿದೆ, ತಿದ್ದಿ ಕಳಿಸಿದ್ದಾರೆ. ಉತ್ಸಾಹದ ಮನುಷ್ಯ. ದಿನಕ್ಕೆ ಎಷ್ಟು ಸಲ ಮೆಸೇಜು! "ಮೇಡಮ್ರ, ಯಾವಾಗ ಸೇರಸ್ತೀರಿ?"

ಸೇರಿಸುವ ಮೊದಲು ಬೇರೆಯವರ ಕೈಯಲ್ಲಿ ಓಡಿಸಿ ನೋಡಬೇಕು. ಆಸೀಫರನ್ನು ಕೇಳಿದೆ. ಹೆಸರಿಲ್ಲದಿದ್ದರೆ ಕೊಡು ಅಂದರು. ಪರೀಕ್ಷೆಯ ಆವೃತ್ತಿಯನ್ನು ಇಂಟರ್ನೆಟ್ಟಿಗೆ ಹಾಕಿ, ಮೂಡಲಗಿ ಕಾಲೇಜಿನ ನನ್ನ ಕೊನೆಯ ವರ್ಷದ ತರಗತಿಗೂ ಕೊಟ್ಟೆ. ಹುಡುಗರು ಕ್ಯಾಂಟೀನಿನ ತಿಂಡಿ ಹೆಸರುಗಳನ್ನೆಲ್ಲ ಹಾಡಿಸಿದರು. ಮಿರ್ಚಿ ಭಜಿಯನ್ನು ಆಲಾಪದಲ್ಲಿ ಕೇಳಿ ನನಗೂ ನಗು ತಡೆಯಲಿಲ್ಲ.

"ಈ ದನಿ ಯಾರದ್ರಿ ಮೇಡಮ್?" ಅಂತ ಶುಭಮ್ ಕೇಳಿದ. ಹಿಂದಿನ ಬೆಂಚಿನ, ಚುರುಕಾದ ಹುಡುಗ.

"ಯಾರದೋ," ಅಂದೆ.

ಫೆಬ್ರವರಿ ೯, ರವಿವಾರ. ಅಂಕಲಗಿ

ತವರಿಗೆ ಬಂದಿದ್ದೇನೆ. ಅಬ್ಬಾನ ಬ್ಯಾಂಡ್ ಕಂಪನಿಗೆ ಹೊಸ ಹುಡುಗರು ಬಂದಿದ್ದಾರೆ, ಅವರಿಗೆ ಹಾಡುಗಳ ಸ್ವರ ಅಚ್ಚು ಹಾಕಿ ತಂದುಕೊಟ್ಟೆ. ಅಬ್ಬಾನಿಗೆ ಈ ತಿಂಗಳು ಕೆಲಸ ಚಲೋ ಇದೆ. ಘೋಡಗೇರಿಯ ಹಾಲಿನ ಸೊಸೈಟಿಯ ಚುನಾವಣೆ; ಈಗಿನ ಚೇರ್ಮನ್ನರ ಎದುರು ಪಾರ್ಟಿಯವರು ಮೆರವಣಿಗೆಗೆ ಅಬ್ಬಾನ ಬ್ಯಾಂಡು ಹೇಳಿದ್ದಾರೆ.

ಹೊಸದನ್ನು ಅಬ್ಬಾನಿಗೆ ಕೇಳಿಸಿದೆ. ಕ್ಲಾರಿಯೋನೆಟ್ಟು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಅಂದರು. ಮತ್ತೊಮ್ಮೆ ಅಂದರು.

"ರಮಜಾನಸಾಬನ ಮಗಳು ಹಾಡ್ತಾಳಪಾ ಅಂತಿದ್ರು ಮಂದಿ, ಝೇಂಡಾ ಹಾರಸೋ ದಿವಸ. ಬಾಳ ವರ್ಷ ಆತು ನೋಡ ಬೇಟಾ ನಿನ್ನ ಹಾಡ ಕೇಳಿ."

"ಇದು ನಾ ಅಲ್ಲ ಅಬ್ಬಾ, ಮಷೀನು."

"ಅದ ಅದ." ನಕ್ಕರು.

ಅಮ್ಮಾ ಒಳಗಿನಿಂದ ಬಂದು ಬಾಗಿಲು ಮುಂದಕ್ಕೆ ಎಳೆದಳು. "ಸಾಕ ಬಂದ್ ಮಾಡ. ಓಣ್ಯಾಗ ಕೇಳಸ್ತೈತಿ."

ಬಂದ್ ಮಾಡಿದೆ.

ಫೆಬ್ರವರಿ ೨೦, ಗುರುವಾರ

ಇಲ್ಲೇ ಬರೆಯುತ್ತೇನೆ, ಬೇರೆ ಯಾರ ಮುಂದೆ ಹೇಳಲಿ.

ಸಾಲಿಯಿಂದ ಬಂದ ಮಗಳು ಮಹೆಕ ಚಪ್ಪಲಿ ಬಿಚ್ಚುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ಕುಣಿಯುವಂಥ ಧಾಟಿ. ಯಾವ ಹಾಡು ಅಂದೆ.

"ವ್ಯಾನಿನ ಅಂಕಲ್ ಹಚ್ಚತಾರ ಅಮ್ಮೀ. ಎಲ್ಲಾರ ಮೊಬೈಲಿನ್ಯಾಗ ಐತಿ. ಆಕಿ ನಿನ್ನಂಗ ಹಾಡ್ತಾಳ."

ನಿನ್ನಂಗ. ಚಹಾ ಉಕ್ಕಿ ಒಲೆ ಆರಿದ್ದು ಕೂಡ ಗೊತ್ತಾಗಲಿಲ್ಲ.

ಆಸೀಫರ ಅಂಗಡಿಗೆ ಮೊಬೈಲ್ ರಿಪೇರಿಗೆ ಬರುವವರೆಲ್ಲರ ಹತ್ತಿರ ಅದು ಇತ್ತಂತೆ. ಅವರು ಸಂಜೆ ತಂದು ಕೇಳಿಸಿದರು. ಹಿಂದೆ ಡೋಲಿನ ಸಪ್ಪಳ ಸೇರಿಸಿದ್ದಾರೆ. ಮೇಲೆ ಆ ದನಿ. ಘೋಡಗೇರಿಯ ಸೊಸೈಟಿ ಚೇರ್ಮನ್ ಮಾಯಪ್ಪ ಹಾಲಿಗೆ ನೀರು ಹಾಕಿದ ಅಂತ ಸುರುವಾಗುತ್ತದೆ. ಅಲ್ಲಿಯವರೆಗೆ ಚುನಾವಣೆಯ ಮಾತು ಅನ್ನಬಹುದು. ಆಮೇಲೆ ಅವರ ಮಗಳ ವಿಷಯ. ಹೆಸರು ಹೇಳಿ, ಭಾಗ್ಯಾ ಅಂತ. ಆ ಹುಡುಗಿ ಯಾರ ಜೊತೆ ಹೋದಳು, ಎಲ್ಲಿ ಹೋದಳು, ಏನು ಮಾಡಿದಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಮಾತು ನಾನು ಯಾರಿಗೂ, ಸಿಟ್ಟಿನಲ್ಲೂ ಅಂದವಳಲ್ಲ. ಆ ದನಿ ನಗುನಗುತ್ತ ಅನ್ನುತ್ತದೆ.

"ಬಂದ್ ಮಾಡ್ರಿ," ಅಂದೆ. ಆಸೀಫರು ಮಾಡಿದರು.

"ಇದನ್ನ ಯಾರ ಮುಂದೂ ಒಪ್ಪಕೋಬ್ಯಾಡ ಸೈಮಾ. ದನಿ ನಂದು ಅಂತ ಬಾಯಿ ಬಿಡಬ್ಯಾಡ."

ನಾನೇಕೆ ಬಿಡಲಿ.

ಫೆಬ್ರವರಿ ೨೧

ಕಾಲೇಜಿಗೆ ಹೋಗಲಿಲ್ಲ. ಜ್ವರ ಅಂತ ಹೇಳಿದೆ.

ಫೆಬ್ರವರಿ ೨೨

ಹೋಗಲಿಲ್ಲ. ಮಹೆಕಳನ್ನೂ ಕಳಿಸಲಿಲ್ಲ. ಓಣಿಯಲ್ಲಿ ಬೈಕು ನಿಂತರೆ ಅವಳನ್ನು ಒಳಗೆ ಕರೆಯುತ್ತೇನೆ. ಹಾಲಿನವನಿಗೆ ಎಷ್ಟು ಲೀಟರ್ ಅಂತ ಹೇಳಲೂ ಬಾಯಿ ತೆರೆಯಲಿಲ್ಲ, ಬೆರಳು ತೋರಿಸಿದೆ.

ಫೆಬ್ರವರಿ ೨೩, ರವಿವಾರ

ಅಂಕಲಗಿಯಿಂದ ಅಮ್ಮಾ ಫೋನು. ಅಳುತ್ತಿದ್ದಾಳೆ. ನಿನ್ನೆ ಮಧ್ಯಾಹ್ನ ಮಾಯಪ್ಪನ ಕಡೆಯ ಹುಡುಗರು ಬೈಕಿನಲ್ಲಿ ಬಂದಿದ್ದರಂತೆ. ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸಿದವನೂ ರಮಜಾನಸಾಬ, ಹಾಡಿದವಳೂ ಅವನ ಮಗಳು, ಅಂತ ಅವರ ಲೆಕ್ಕ. ಊರಲ್ಲಿ ಯಾರೋ ದನಿ ಗುರುತು ಹಿಡಿದು ಹೇಳಿದ್ದಾರೆ. ಸಾಲಿಯಲ್ಲಿ ಹಾಡುತ್ತಿದ್ದಾಗ ಚಪ್ಪಾಳೆ ತಟ್ಟಿದವರೇ ಇರಬೇಕು.

ದೊಡ್ಡ ಡ್ರಮ್ಮಿನ ಚರ್ಮಕ್ಕೆ ಚಾಕು ಹಾಕಿ ಹೋದರಂತೆ. ಅಬ್ಬಾ ಹರಿದ ಡ್ರಮ್ಮನ್ನು ಒಳಗೆ ಎತ್ತಿಟ್ಟು ನಮಾಜಿಗೆ ಹೋದರಂತೆ.

ನಾನು ಹೋಗಬೇಕಿತ್ತು. ಬಸ್ ಸ್ಟ್ಯಾಂಡ್ ನೆನಪಾಗಿ ಆಗಲಿಲ್ಲ. ಎಷ್ಟು ಮಂದಿ, ಎಷ್ಟು ಮೊಬೈಲು.

ಓಂಕಾರ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರೂ ಕಂಗಾಲಾದರು. ಪರೀಕ್ಷೆಯ ಆವೃತ್ತಿಯನ್ನು ಕೂಡಲೇ ತೆಗೆದುಹಾಕಿದರು.

"ಇಳಿಸಿಕೊಂಡಾವ್ರ ಹತ್ರ ಇರೂದು ಇರತೈತ್ರಿ ಮೇಡಮ್ರ. ಗೇಟ್ ಬಂದ್ ಮಾಡೇನಿ. ಹೋದ ನೀರನ್ನ ಹೆಂಗ ಹೊಳ್ಳಿ ತರ್ಲಿ?"

ಮಾರ್ಚ್ ೨, ರವಿವಾರ

ರಂಜಾನಿನ ರೋಜಾ ಸುರುವಾಯಿತು. ಹಸಿವು ಗೊತ್ತೇ ಆಗುವುದಿಲ್ಲ.

ನಿನ್ನೆ ಕಾಲೇಜಿಗೆ ಹೋಗಿ ಬಂದೆ. ಪಾಠ ಮಾಡುವಾಗ ಹುಡುಗರ ಮುಖ ನೋಡುತ್ತಿದ್ದೆ. ಇವರಲ್ಲೇ ಯಾರೋ ಒಬ್ಬರು. ಅಥವಾ ಅಲ್ಲ, ಯಾವ ಊರಿನವರೋ. ಮೆಲ್ಲಗೆ, ಗಂಟಲು ಬೇರೆ ಮಾಡಿಕೊಂಡು ಮಾತಾಡಿದೆ. "ಮೇಡಮ್, ಕೇಳಸವಲ್ದು," ಅಂದರು ಹಿಂದಿನವರು. ಶುಭಮ್ ಬಂದಿರಲಿಲ್ಲ. ವಾರವಾಯಿತಂತೆ, ಬರುತ್ತಿಲ್ಲ. ಆ ಮಾತು ಕೇಳಿ ಹಲಗೆಯ ಮೇಲೆ ಬರೆಯುತ್ತಿದ್ದದ್ದು ಮರೆತುಹೋಯಿತು.

ಹುಬ್ಬಳ್ಳಿಗೆ ನಿನ್ನ ತಂಗಿಯ ಹತ್ತಿರ ಹೋಗಿ ಸ್ವಲ್ಪ ದಿನ ಇದ್ದು ಬಾ ಅಂತ ಆಸೀಫರು. ಹೂಂ ಅಂದೆ. ಬಟ್ಟೆ ತೆಗೆದಿಟ್ಟಿದ್ದೇನೆ.

ಮಾರ್ಚ್ ೬, ಗುರುವಾರ. ಅಂಕಲಗಿ

ಅಬ್ಬಾನ ಬಲಗೈ ಮುರಿದಿದೆ.

ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಇಬ್ಬರು ಅಡ್ಡ ಹಾಕಿ, "ಮಗಳನ್ನ ಎಲ್ಲಿ ಮುಚ್ಚಿಟ್ಟಿ?" ಅಂದರಂತೆ. ಇವರು ದಾಟಿ ಹೋಗಲು ನೋಡಿದರಂತೆ. ದೂಕಿದರು. ಕಟ್ಟೆಯ ಮೇಲೆ ಕೈ ಊರಿ ಬಿದ್ದದ್ದು. ಅಮ್ಮಾನ ಫೋನು ಬಂದಾಗ ಆಸೀಫರಿಗೆ ಹಚ್ಚಿದೆ, ಹತ್ತಲಿಲ್ಲ. ಮಹೆಕಳನ್ನು ಬಾಜೂ ಮನೆಯಲ್ಲಿ ಬಿಟ್ಟು ಸಿಕ್ಕ ಟೆಂಪೋ ಹತ್ತಿದೆ. ಅದರಲ್ಲೂ ಆ ಹಾಡೇ ಹಚ್ಚಿದ್ದರೋ ಏನೋ, ನನಗೆ ನೆನಪೇ ಇಲ್ಲ.

ಪ್ಲಾಸ್ಟರ್ ಹಾಕಿಸಿ ಮನೆಗೆ ತಂದೆವು. ಮಣಿಕಟ್ಟಿನ ಹತ್ತಿರದ ಎಲುಬು. ಬೆರಳು ಮೊದಲಿನ ಹಾಗೆ ಆಡುತ್ತವೆಯೋ ಇಲ್ಲವೋ, ಪ್ಲಾಸ್ಟರ್ ತೆಗೆದ ಮೇಲೆ ಹೇಳುತ್ತಾರಂತೆ. ಅಬ್ಬಾ ಎಡಗೈಯಿಂದ ನನ್ನ ತಲೆ ಸವರಿದರು.

"ನೀ ಹಾಡಿಲ್ಲ. ನನಗ ಗೊತ್ತೈತಿ. ಮಂದಿಗೆ ಹೆಂಗ ತಿಳೀಬೇಕ ಬೇಟಾ?"

ಹೇಗೆ ತಿಳಿಯಬೇಕು. ಆ ಮಾತು ಬಿಡುತ್ತಿಲ್ಲ. ತಿಳಿಸದೆ ಹೇಗೆ ತಿಳಿದೀತು. ಮನೆಯ ಮುಂದೆ ಒಂದು ಬೈಕು ಹೋಯಿತು, ನಾನು ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತೆ. ಹಾಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ರವಿವಾರ ಘೋಡಗೇರಿಗೆ, ಮಾಯಪ್ಪನವರ ಮನೆಗೇ ಹೋಗುತ್ತೇನೆ. ಆಸೀಫರು ಏನಂತಾರೋ.

ಮಾರ್ಚ್ ೯, ರವಿವಾರ

ಹೋಗಿ ಬಂದೆವು. ಎಲ್ಲ ಬರೆದಿಡುತ್ತೇನೆ.

ಆಸೀಫರು ನಿನ್ನೆಯೆಲ್ಲ ಬೇಡ ಬೇಡ ಅಂದರು. ಮುಂಜಾನೆ ನಾನು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡಾಗ ಅಂಗಡಿ ತೆರೆಯದೆ ಗಾಡಿ ಹೊರಗೆ ತೆಗೆದರು. ಅವರ ಬೆನ್ನು ಬೆವರಿತ್ತು.

ಮಾಯಪ್ಪನವರ ಮನೆ ಊರ ಹೊರಗೆ, ಎಮ್ಮೆ ಕಟ್ಟುವ ದೊಡ್ಡ ಶೆಡ್ಡಿನ ಹಿಂದೆ. ಅಂಗಳದಲ್ಲಿ ಹುಡುಗರು ಕೂತಿದ್ದರು. ನನ್ನ ಹೆಸರು ಹೇಳಿದ ಕೂಡಲೇ ಎಲ್ಲರೂ ಎದ್ದು ನಿಂತರು. ಒಬ್ಬ ಗೇಟು ಹಾಕಿದ. ಆ ಗೇಟಿನ ಸಪ್ಪಳ ಈಗಲೂ ಕಿವಿಯಲ್ಲಿದೆ.

ಮಾಯಪ್ಪ ಹೊರಗೆ ಬಂದರು. ಗಿಡ್ಡ ಮನುಷ್ಯ, ಕಣ್ಣು ಕೆಂಪಾಗಿದ್ದವು. ನಿದ್ದೆ ಇಲ್ಲದ್ದಕ್ಕೋ ಸಿಟ್ಟಿಗೋ.

"ನಮ್ಮ ಮನಿ ಹುಡುಗೀನ್ನ ಬೀದಿಗೆ ತಂದು, ಮತ್ತ ನಮ್ಮ ಮನಿಗೇ ಬಂದಿಯೇನವಾ?"

"ಹಾಡಿದ್ದು ನಾ ಅಲ್ರಿ," ಅಂದೆ. ದನಿ ಹೊರಗೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಅಂದೆ. "ದನಿ ನಂದ ಐತ್ರಿ. ಹಾಡಿದ್ದು ನಾ ಅಲ್ಲ."

ಆಸೀಫರು ಪಕ್ಕದಲ್ಲಿ ಉಸಿರು ಎಳೆದುಕೊಂಡರು.

"ಹುಚ್ಚು ಹಿಡದೈತೇನ?" ಅಂದ ಒಬ್ಬ ಹುಡುಗ. "ದನಿ ಆಕೀದಂತ, ಹಾಡಿದ್ದು ಆಕಿ ಅಲ್ಲಂತ."

"ತೋರಸ್ತೀನ್ರಿ. ಕುಂಡ್ರಾಕ ಒಂದೀಟ ಜಾಗ ಕೊಡ್ರಿ."

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಪಾಸ್‌ವರ್ಡ್ ತಪ್ಪಿತು. ಮತ್ತೆ ತಪ್ಪಿತು. ಹುಡುಗರು ನಕ್ಕರು. ತೆರೆದ ಮೇಲೆ, "ನೀವ ಏನಾರ ಹೇಳ್ರಿ, ಅದನ್ನ ಹಾಡಸ್ತೀನಿ," ಅಂದೆ.

ಮಾಯಪ್ಪ ಶೆಡ್ಡಿನ ಕಡೆ ಕೈ ತೋರಿಸಿದರು. "ನಮ್ಮ ಎಮ್ಮಿ ಹೆಸರ ಗೌರಿ. ಗೌರಿ ಇವತ್ತ ಹಾಲ ಕೊಡಲಿಲ್ಲ ಅಂತ ಹಾಡಸ."

ಬರೆದೆ, ಸ್ವರ ಇಟ್ಟೆ, ಒತ್ತಿದೆ. ನಾನು ಬಾಯಿಯ ಮೇಲೆ ಕೈ ಮುಚ್ಚಿಕೊಂಡು ಕೂತಿದ್ದೆ. ಅಂಗಳದ ತುಂಬ ನನ್ನ ದನಿ. ಗೌರಿ ಇವತ್ತ ಹಾಲ ಕೊಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಹಿಂದೆ ಸರಿದರು. ಒಬ್ಬ ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು. ಮೊದಲು ಮಾತಾಡಿದ ಹುಡುಗ ನನ್ನ ಬಾಯಿ ನೋಡಿದ, ಪೆಟ್ಟಿಗೆ ನೋಡಿದ, ಮತ್ತೆ ನನ್ನ ಬಾಯಿ ನೋಡಿದ.

"ಹಂಗಾರ ಯಾರ ದನೀಲೆ ಏನ ಬೇಕಾದ್ದ ಹಾಡಸಬಹುದೇನು?" ಮಾಯಪ್ಪನವರ ಮಾತು ಮೆತ್ತಗಾಗಿತ್ತು.

"ದನಿ ತುಂಬಿಟ್ಟಿದ್ರ ಆಕ್ಕತ್ರಿ. ನಾ ತುಂಬಿಟ್ಟೆ. ಯಾರೋ ಇಳಿಸಿಕೊಂಡು ಇದನ್ನ ಮಾಡ್ಯಾರ. ನಮ್ಮ ಅಬ್ಬಾಗ ಗೊತ್ತ ಸೈತ ಇರಲಿಲ್ರಿ. ಅವರ ಕೈ ಮುರದೈತಿ. ಊದೂ ಕೈ ಅದು."

ಅವರು ಹುಡುಗರ ಕಡೆ ತಿರುಗಿದರು. ಇಬ್ಬರು ತಲೆ ತಗ್ಗಿಸಿದರು. "ಗೇಟ ತಗೀರಿ," ಅಂದರು.

ಮುಗಿಯಿತು, ಬದುಕಿದೆ ಅಂದುಕೊಂಡೆ. ಆಗ ಒಳಗಿನಿಂದ ಒಬ್ಬ ಹುಡುಗಿ ಬಂದಳು. ತೆಳ್ಳಗೆ, ಕೂದಲು ಬಾಚಿರಲಿಲ್ಲ. ಯಾರೂ ಹೇಳದಿದ್ದರೂ ಭಾಗ್ಯಾ ಅಂತ ತಿಳಿಯಿತು.

"ನೀವ ಹಾಡಿಲ್ಲ ಅಂತ ಖರೆ ಆತು. ನಿಮ್ಮದ ಮುಗೀತು," ಅಂದಳು. "ನಂದ ಏನಾತು ಹೇಳ್ರಿ ಮೇಡಮ್. ಸಂಬಂಧ ಕೂಡಿತ್ತು, ಅವರು ಬ್ಯಾಡ ಅಂದ್ರು. ಬಿ.ಎಡ್ ಮಾಡಾಕತ್ತಿದ್ದೆ, ಹೋಗೂದ ಬಿಟ್ಟೇನಿ. ಮಷೀನ ಹಾಡಿದ್ರೇನು, ಮನಷ್ಯಾ ಹಾಡಿದ್ರೇನು, ಮಂದಿ ಕೇಳೂದು ನನ್ನ ಹೆಸರ."

ಹದಿನೈದು ದಿನದಿಂದ ನನ್ನ ಹೆದರಿಕೆ, ನನ್ನ ಅಬ್ಬಾ, ನನ್ನ ಮನೆ. ಈ ಹುಡುಗಿ ಒಳಗೆ ಕೂತಿದ್ದಳು, ನನ್ನ ದನಿಯಲ್ಲಿ ಅದನ್ನೆಲ್ಲ ಕೇಳಿಸಿಕೊಳ್ಳುತ್ತ.

"ನಾ ಕಂಪ್ಲೇಂಟ್ ಕೊಡತೀನಿ ಅಂದ್ರ ಅಪ್ಪಾ ಬ್ಯಾಡ ಅಂತಾನ. ಸ್ಟೇಷನ್ನಿನ್ಯಾಗ ಹೆಸರ ಬರತೈತಂತ. ಇನ್ನ ಎಲ್ಲಿ ಬರೂದ ಉಳದೈತಿ? ನೀವ ಬರ್ತೀರೇನು ಸಾಕ್ಷಿಗೆ? ದನಿ ನಿಮ್ಮದು ಅಂತ ಬರದ ಕೊಡ್ತೀರೇನು?"

ನೋಡ್ತೀನಿ ಅಂದೆ. ಹೆದರಿ ಹಾಗಂದೆ. ಅವಳು ಒಳಗೆ ಹೋದಳು.

ಮಾರ್ಚ್ ೧೨

ಓಂಕಾರ ಅವರ ಫೋನು. ಹೊಸ ಆವೃತ್ತಿ ಬಿಡುಗಡೆ ಹತ್ತಿರ ಬಂದಿದೆ, ಉಳಿದವರೆಲ್ಲ ನನ್ನ ಮಾತಿಗೆ ಕಾಯುತ್ತಿದ್ದಾರೆ.

"ಕೋಡ್ ಸೇರಸೋಣ. ದನಿ ಬ್ಯಾಡ," ಅಂದೆ. "ಯಾರ ದನೀನೂ ಬ್ಯಾಡ. ಹಾಡಸಬೇಕು ಅನ್ನಾವ್ರು ತಮ್ಮ ದನಿ ತಾವ ತುಂಬಲಿ. ಅದು ಅವರ ಕಂಪ್ಯೂಟರಿನ್ಯಾಗ ಇರಲಿ, ಹೊರಗ ಕಳಿಸೋ ದಾರಿ ಸೈತ ಇರಬಾರದು."

"ಅಷ್ಟು ತ್ರಾಸ ಯಾರ ತಗೋತಾರ್ರಿ? ಎರಡ ವರ್ಷ ಬರದೇನಿ ನಾ ಇದನ್ನ. ಡ್ಯಾಮ್ ಕಟ್ಟಿದಾಂವ, ನೀರು ಯಾರ ಹೊಲಕ ಹೊಕ್ಕತಿ ಅಂತ ಕಾಯಕೊಂತ ಕುಂಡ್ರಾಕ ಆಕ್ಕತೇನು?"

"ನೀವ ದಿನಾ ಮಾಡೂದು ಅದ ಅಲ್ರಿ, ಹಿಡಕಲ್ಲಿನ್ಯಾಗ?"

ಸಿಟ್ಟಾದರು ಅಂದುಕೊಂಡೆ. ಆಮೇಲೆ, "ತುಂಬೋ ಕೆಲಸ ಸಲೀಸ ಆಗೂವಂಗ ಒಂದ ಪುಟ ಮಾಡಿ ಕಳಸ್ತೀನಿ," ಅಂದರು. ನಮಸ್ಕಾರ ಹೇಳದೆ ಇಟ್ಟರು.

ಮಾರ್ಚ್ ೧೪, ಶುಕ್ರವಾರ

ಸಂಜೆ ಇಫ್ತಾರಿಗೆ ರೋಜಾ ಬಿಡುವ ಮೊದಲು ಬಾಗಿಲು ಬಡಿದರು. ಶುಭಮ್, ಅವನ ಅವ್ವ. ಅವನ ಮಾವ ಘೋಡಗೇರಿಯ ಎದುರು ಪಾರ್ಟಿಯಲ್ಲಿ ಇದ್ದಾನಂತೆ. ಆ ಪಾರ್ಟಿ ಚುನಾವಣೆ ಗೆದ್ದೂ ಆಯಿತು.

"ಮಜಾಕಕ್ಕ ಮಾಡಿದ್ನಿರಿ ಮೇಡಮ್. ಮಾವ ಮಾತ ಬರಕೊಟ್ಟ, ನಾ ಹಾಡಿಸಿದೆ. ಇಷ್ಟ ಹಬ್ಬತೈತಿ ಅಂತ ಗೊತ್ತಿರಲಿಲ್ಲ. ನಿಮ್ಮ ದನಿ ಅಂತ ದೇವರಾಣಿ ಗೊತ್ತಿರಲಿಲ್ರಿ."

"ನಂದಲ್ಲದಿದ್ರ?" ಅಂದೆ.

ಅವನ ಅವ್ವ ನನ್ನ ಕೈ ಹಿಡಿದಳು. "ನೀವೂ ಮಕ್ಕಳ ತಾಯಿ. ಯಾರ ಮುಂದೂ ಹೇಳಬ್ಯಾಡ್ರಿ. ಅವನ ಜೀವನಾ ಹಾಳಾಕ್ಕತಿ." ಹೇಳಿ, ಸ್ವಲ್ಪ ತಡೆದು, "ನಮ್ಮ ಅಣ್ಣ ಬಾಳ ಸಿಟ್ಟಿನ ಮನಷ್ಯಾ ಅದಾನ್ರಿ," ಅಂದಳು. ಬೇಡಿಕೊಂಡದ್ದೋ ಹೆದರಿಸಿದ್ದೋ, ಎರಡೂ ಇರಬೇಕು.

"ನೀನ ಹೋಗಿ ಹೇಳಿದ್ರ ಚಲೋ ಶುಭಮ್. ಮಂಗಳವಾರ ನಾ ಹುಕ್ಕೇರಿ ಸ್ಟೇಷನ್ನಿಗೆ ಹೊಂಟೇನಿ. ಅಷ್ಟರಾಗ ನೀ ಹೇಳಿರದಿದ್ರ ನಾ ಹೇಳತೀನಿ."

ಅವರು ಹೋದ ಮೇಲೆ ಚಿಲಕ ಹಾಕಿದೆ, ಮೇಲಿನದನ್ನೂ ಹಾಕಿದೆ. ಆಸೀಫರು ಖರ್ಜೂರದ ತಾಟು ಕೈಯಲ್ಲಿ ಹಿಡಿದು ನಿಂತಿದ್ದರು.

"ಮಂಗಳವಾರ ಹುಕ್ಕೇರಿಗೆ ಹೋಗೂದ ಐತೇನು?" ಅಂದರು.

ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳಿದ್ದೇನೆ ಅಂದುಕೊಂಡಿದ್ದೆ. ಸಾಕ್ಷಿಗೆ ಬರುತ್ತೇನೆ ಅಂತ ಭಾಗ್ಯಾಳಿಗೂ ಆಮೇಲೆಯೇ ಫೋನ್ ಮಾಡಿದೆ.

ಮಾರ್ಚ್ ೧೬, ರವಿವಾರ

ಹಾಡುವ ಭಾಗವನ್ನು ಹಾಡುಹಾಳೆಗೆ ಸೇರಿಸಿದೆ. ಒತ್ತಕ್ಷರ ಈಗ ಎಡವುವುದಿಲ್ಲ. ದನಿಯ ಪಟ್ಟಿ ಖಾಲಿ.

ಮಾಯಪ್ಪನವರು ಅಬ್ಬಾನ ಕೈ ನೋಡಲು ಅಂಕಲಗಿಗೆ ಬಂದಿದ್ದರಂತೆ, ಆ ಇಬ್ಬರು ಹುಡುಗರನ್ನೂ ಕರೆದುಕೊಂಡು. ಅಬ್ಬಾ ಅವರಿಗೆ ಚಹಾ ಮಾಡಿಸಿ ಕೊಟ್ಟರಂತೆ.

ಮಾರ್ಚ್ ೧೮, ಮಂಗಳವಾರ. ಹುಕ್ಕೇರಿಯಿಂದ ಬಂದು

ಶುಭಮ್ ತನ್ನ ತಂದೆಯ ಜೊತೆ ನಿನ್ನೆಯೇ ಠಾಣೆಗೆ ಹೋಗಿ ಹೇಳಿ ಬಂದಿದ್ದಾನೆ. ಅವನ ಮಾವ ಮಾತ್ರ ಬೇರೆ ಹೇಳುತ್ತಿದ್ದಾನಂತೆ: ಹುಡುಗನಿಗೇನೂ ಗೊತ್ತಿಲ್ಲ, ಹಾಡಿದ್ದು ಆ ಹೆಂಗಸೇ, ರಮಜಾನಸಾಬನ ಮಗಳೇ. ಠಾಣೆಯ ಮೆಟ್ಟಿಲ ಮೇಲೆ ಅವನ ಮಂದಿ ನಿಂತಿದ್ದರು. ಅವರ ನಡುವೆಯೇ ಹಾದುಹೋಗಬೇಕಿತ್ತು. ಆಸೀಫರು ಮುಂದೆ, ನಾನು ನಡುವೆ, ಹಿಂದೆ ಭಾಗ್ಯಾ ಮತ್ತು ಅವಳ ಅಪ್ಪ. ಯಾರೋ ಆ ಹಾಡಿನ ಧಾಟಿಯಲ್ಲಿ ಸಿಳ್ಳೆ ಹಾಕಿದರು. ಹಿಂದಿನಿಂದ ಭಾಗ್ಯಾ ನನ್ನ ದುಪಟ್ಟಾದ ತುದಿ ಹಿಡಿದುಕೊಂಡಳು.

ಒಳಗೆ ಒಬ್ಬ ಮಹಿಳಾ ಇನ್ಸ್‌ಪೆಕ್ಟರ್. ನನ್ನ ಹೇಳಿಕೆ ಬರೆದುಕೊಂಡರು. ದನಿ ನನ್ನದು, ನಾನೇ ತುಂಬಿದ್ದು, ಹಾಡಿದ್ದು ನಾನಲ್ಲ. ಸಹಿ ಮಾಡಿದೆ, ಪೂರ್ತಿ ಹೆಸರು ಬರೆದು. ಆಮೇಲೆ ಮೇಜಿನ ಮೇಲೆ ರೆಕಾರ್ಡಿಂಗ್ ಯಂತ್ರ ಇಟ್ಟರು.

"ಖರೆ ದನಿ, ಮಷೀನಿನ ದನಿ ಎರಡೂ ತಾಳೆ ನೋಡಾಕ ಕಳಸಬೇಕಮ್ಮ. ಅದೇ ಹಾಡಿನ ನಾಲ್ಕು ಸಾಲು ನೀವೇ ಹಾಡಿಬಿಟ್ಟರೆ ಅವರಿಗೆ ಸಲೀಸು." ಬರೆದ ಕಾಗದ ಮುಂದೆ ಸರಿಸಿದರು. ಅದೇ ಮಾತು. ಭಾಗ್ಯಾ ಎದುರಿಗೇ ಕೂತಿದ್ದಳು, ನೆಲ ನೋಡುತ್ತ.

"ಈ ಮಾತು ನನ್ನ ಬಾಯಿಂದ ಬರಂಗಿಲ್ರಿ," ಅಂದೆ.

"ಪುರಾವೆಗೆ ಕೇಳ್ತಿದೀವಿ ಅಷ್ಟೆ. ನಿಮಗೇ ಒಳ್ಳೆದು."

"ಇರಲ್ರಿ. ಬ್ಯಾರೆ ಏನ ಬೇಕಾದ್ದ ಹಾಡ್ತೀನಿ, ಎಷ್ಟ ಬೇಕಾದ್ದಷ್ಟ ಹಾಡ್ತೀನಿ. ಇದನ್ನ ಹಾಡಂಗಿಲ್ಲ."

ಅವರು ನನ್ನನ್ನೂ ಭಾಗ್ಯಾಳನ್ನೂ ನೋಡಿ ಕಾಗದ ಹಿಂದಕ್ಕೆ ಎಳೆದುಕೊಂಡರು. ಯಂತ್ರದ ಕೆಂಪು ದೀಪ ಹತ್ತಿತು. ಮತ್ತೆ ಒಂದು ಯಂತ್ರದೊಳಗೆ ನನ್ನ ದನಿ ಹಾಕಬೇಕು. ರೋಜಾ, ನೀರು ಕೂಡ ಕುಡಿಯುವ ಹಾಗಿಲ್ಲ. ಕಿಟಕಿಯ ಹೊರಗೆ ಆ ಮಂದಿ. ಏನು ಹಾಡಲಿ? ಮಹೆಕ ಕೂಸಿದ್ದಾಗ ತೊಟ್ಟಿಲು ತೂಗುತ್ತ ನಾನೇ ಕಟ್ಟಿಕೊಂಡ ನಾಲ್ಕು ಮಾತು ನೆನಪಿಗೆ ಬಂದವು.

"ಅಳಬ್ಯಾಡ ನನ ಕೂಸ, ಹೊರಗ ಬೆಳದಿಂಗಳೈತಿ,
ಬಾಗಿಲ ತೆಗದೇನಿ, ಒಳಗ ಬಂದೈತಿ..."

ಮೊದಲ ಸಾಲಿಗೆ ದನಿ ಒಡೆಯಿತು. ಎರಡನೆಯದಕ್ಕೆ ಹದಕ್ಕೆ ಬಂತು. ಕಿಟಕಿ ತೆರೆದೇ ಇತ್ತು. ಬರ್ರಿ ಹೋಗ್ರಿ ಅಂತ ಗದ್ದಲವಿದ್ದ ಠಾಣೆಯಲ್ಲಿ ಮಾತು ಕಡಿಮೆಯಾದದ್ದು ಕೇಳಿಸಿತು. ಮೂರನೆಯ ಸಾಲು ಹಾಡುವಾಗ ಭಾಗ್ಯಾ ತಲೆ ಎತ್ತಿದಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಸಾಕು, ಇಷ್ಟು ಸಾಕು," ಇನ್ಸ್‌ಪೆಕ್ಟರ್ ಬಟನ್ ಒತ್ತಿದರು. ದೀಪ ಆರಿತು. ನಾನು ನಿಲ್ಲಿಸಿದೆ.

"ಅಕ್ಕಾ," ಅಂದಳು ಭಾಗ್ಯಾ. ಅಲ್ಲಿಯವರೆಗೆ ಮೇಡಮ್ ಅನ್ನುತ್ತಿದ್ದವಳು. "ನಡಬರಕ ಬಿಡಬ್ಯಾಡ್ರಿ. ಮುಗಸ್ರಿ."

ಯಂತ್ರ ಬಂದ್ ಆಗಿತ್ತು. ಮುಗಿಸಿದೆ.